ಭಾಷೆ ಕಲಿಸುವ ಸೇವೆ ಮತ್ತು ಧರ್ಮದ ಪ್ರಶ್ನೆ

ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುವುದು ಕ್ರೈಸ್ತ ಯುವಜನ ಸಂಘಗಳ ಸ್ವಯಂಸೇವೆಯಲ್ಲಿ ಇಂದು ತೀರ ಸಾಮಾನ್ಯವಾದ ಕೆಲಸ. ಅಮೆರಿಕದ್ದೋ ಕೊರಿಯಾದ್ದೋ ಜರ್ಮನಿಯದ್ದೋ ಒಂದು ಸಭೆಯಿಂದ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಹೊರಡುತ್ತಾರೆ. ಕೆಲವರು ನಾಲ್ಕಾರು ವಾರ ಇರುತ್ತಾರೆ, ಕೆಲವರು ಒಂದು ವರ್ಷ. ಖರ್ಚಿಗೆ ಬಂಧುಗಳೂ ಸಭೆಯವರೂ ಚಂದಾ ಎತ್ತಿ ಕೊಟ್ಟಿರುತ್ತಾರೆ. ಹೋದ ಊರಿನಲ್ಲಿ ಹಗಲು ಶಾಲೆಯ ಪಾಠ, ಸಂಜೆ ಹಾಡು, ಆಟ, ಬೈಬಲ್ ಓದು. ಮನೆಗೆ ಬರೆಯುವ ಪತ್ರದಲ್ಲಿ ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ: ಎಷ್ಟು ಮಕ್ಕಳು ಓದಲು ಕಲಿತರು, ಎಷ್ಟು ಮಂದಿ ಪ್ರಾರ್ಥನೆಗೆ ಬಂದರು.

ಈ ಎರಡು ಲೆಕ್ಕ ಒಂದೇ ಸಾಲಿನಲ್ಲಿ ನಿಲ್ಲಬಹುದೇ ಎಂಬುದೇ ಇಲ್ಲಿನ ಧಾರ್ಮಿಕ ಪ್ರಶ್ನೆ. ಕಲಿಯಲು ಬಂದವರಿಗೆ ಬೇಕಾಗಿರುವುದು ಇಂಗ್ಲಿಷ್. ಕಲಿಸಲು ಬಂದವರಿಗೆ ಕೊಡಬೇಕೆನಿಸಿರುವುದು ಬಹುಮಟ್ಟಿಗೆ ಇಂಗ್ಲಿಷ್‌ಗಿಂತ ದೊಡ್ಡದಾದ, ತಮ್ಮ ಪಾಲಿಗೆ ಅತ್ಯಂತ ಬೆಲೆಯುಳ್ಳ ಇನ್ನೊಂದು ವಸ್ತು. ಹಾಗಿದ್ದಾಗ ಪಾಠ ದಾನವೋ, ಗಾಳಕ್ಕೆ ಸಿಕ್ಕಿಸಿದ ಹುಳುವೋ? ಟೀಕಾಕಾರರು ಎರಡನೆಯದೆನ್ನುತ್ತಾರೆ. ನಂಬಿದವರು, ಪ್ರೀತಿಯಿಂದ ಕೊಡುವಾಗ ಒಳ್ಳೆಯದನ್ನೆಲ್ಲ ಕೊಡಬೇಕಲ್ಲವೇ, ಅರ್ಧ ಇಟ್ಟುಕೊಂಡು ಅರ್ಧ ಕೊಡುವುದು ಯಾವ ಪ್ರೀತಿ ಎಂದು ಕೇಳುತ್ತಾರೆ. ಎರಡು ಮಾತೂ ತಳ್ಳಿಹಾಕುವಂಥವಲ್ಲ.

ಕ್ರೈಸ್ತ ಧರ್ಮದ ಒಳಗೇ ಈ ಇಕ್ಕಟ್ಟು ಹಳೆಯದು. ಲೋಕದ ಎಲ್ಲ ಜನಾಂಗಗಳಿಗೂ ಸುವಾರ್ತೆ ಸಾರಬೇಕೆಂಬ ಆಜ್ಞೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಅದೇ ಗ್ರಂಥದ ಬೆಟ್ಟದ ಮೇಲಿನ ಪ್ರಸಂಗದಲ್ಲಿ, ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಂತೆ ಧರ್ಮ ಮಾಡಬೇಕೆಂಬ ಬೋಧೆಯೂ ಇದೆ. ಮೊದಲನೆಯದು ಸಾರಿ ಹೇಳು ಎನ್ನುತ್ತದೆ, ಎರಡನೆಯದು ಕೊಟ್ಟು ಸುಮ್ಮನಿರು ಎನ್ನುತ್ತದೆ. ಇಂಗ್ಲಿಷ್ ಕಲಿಸಲು ಬಂದ ಸ್ವಯಂಸೇವಕ ಒಂದೇ ತರಗತಿಯಲ್ಲಿ ಎರಡನ್ನೂ ಪಾಲಿಸಬೇಕಾದ ಸಂಕಟದಲ್ಲಿರುತ್ತಾನೆ.

ಈ ನೆಲದ ಚಿಂತನೆಯಲ್ಲಿ ಅದೇ ಪ್ರಶ್ನೆ ಬೇರೆ ದಾರಿಯಿಂದ ಬಂದಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ತಿರುಗಿ ಉಪಕಾರ ಮಾಡಲಾರದವನಿಗೆ ಕೊಡಬೇಕೆಂಬ ಒಂದೇ ಕಾರಣಕ್ಕೆ ಕೊಟ್ಟದ್ದು ಸಾತ್ವಿಕ. ಫಲ ಬಯಸಿ ಕೊಟ್ಟದ್ದು ರಾಜಸ. ಪಡೆಯುವವನನ್ನು ಕೀಳಾಗಿ ಕಂಡು ಕೊಟ್ಟದ್ದು ತಾಮಸ. ಫಲವೆಂದರೆ ಹಣ ಮಾತ್ರವಲ್ಲ; ಪಡೆದವನ ಮನಸ್ಸನ್ನು ತನ್ನ ಕಡೆ ತಿರುಗಿಸಿಕೊಳ್ಳುವುದೂ ಫಲವೇ. ಹನ್ನೆರಡನೆಯ ಶತಮಾನದ ಶರಣರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೊಡುವವನ ಹಿರಿಮೆಯನ್ನೇ ಪ್ರಶ್ನಿಸಿದರು. ಅವರ ದಾಸೋಹದಲ್ಲಿ ಕೊಡುವವನು ದಾಸ, ಪಡೆಯುವವನು ಲಿಂಗರೂಪಿ. ನಾನು ಕೊಟ್ಟೆ ಎಂಬ ಅಹಂ ಇರುವತನಕ ಅದು ದಾಸೋಹವಾಗದು. ಬಡದೇಶದ ಮಕ್ಕಳನ್ನು ಉದ್ಧರಿಸಲು ಹೊರಟೆವೆಂದುಕೊಳ್ಳುವ ಯಾವ ಯುವಕ ಸಂಘಕ್ಕೂ, ಅದು ಯಾವ ಮತದ್ದೇ ಇರಲಿ, ಶರಣರ ಈ ಮಾತು ಗೀತೆಯದ್ದಕ್ಕಿಂತ ಹೆಚ್ಚು ಚುಚ್ಚುವಂಥದ್ದು.

ಭಾರತದಲ್ಲಿ ಇಂಗ್ಲಿಷ್ ಪಾಠವನ್ನೂ ಕ್ರೈಸ್ತ ಬೋಧನೆಯನ್ನೂ ಬೇಕೆಂದೇ ಒಂದುಗೂಡಿಸಿದವನು ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಡಫ್. 1830ರಲ್ಲಿ ಕಲ್ಕತ್ತೆಯಲ್ಲಿ ಅವನು ತೆರೆದ ಶಾಲೆಗೆ ಜಾಗವನ್ನೂ ಮೊದಲ ವಿದ್ಯಾರ್ಥಿಗಳನ್ನೂ ಒದಗಿಸಿದವರು ರಾಜಾ ರಾಮಮೋಹನ ರಾಯರು. ಡಫ್‌ನ ಲೆಕ್ಕ ಸರಳ: ಮೇಲ್ವರ್ಗದ ಹುಡುಗರು ಇಂಗ್ಲಿಷ್ ಮೂಲಕ ಪಾಶ್ಚಾತ್ಯ ವಿಜ್ಞಾನ, ತತ್ತ್ವ, ಬೈಬಲ್ ಎಲ್ಲವನ್ನೂ ಒಟ್ಟಿಗೆ ಕಲಿತರೆ ಹಳೆಯ ನಂಬಿಕೆ ತಾನಾಗಿ ಕುಸಿಯುತ್ತದೆ, ಅವರಿಂದ ಕೆಳಗಿನವರಿಗೂ ಅದು ಇಳಿಯುತ್ತದೆ. ಡಫ್‌ನ ಪ್ರಭಾವದಿಂದ ಕೃಷ್ಣಮೋಹನ ಬ್ಯಾನರ್ಜಿಯಂಥ ಕೆಲವರು ದೀಕ್ಷಾಸ್ನಾನ ಪಡೆದರು ನಿಜ. ಆದರೆ ಅಂಥವರು ಬೆರಳೆಣಿಕೆಯಷ್ಟು. ಉಳಿದವರು ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿ, ವಕೀಲಿ, ಪತ್ರಿಕೆಗಳ ದಾರಿ ಹಿಡಿದರು. ಬೇಕಾದ್ದನ್ನು ತೆಗೆದುಕೊಂಡು ಬೇಡವಾದದ್ದನ್ನು ಮೇಜಿನ ಮೇಲೇ ಬಿಟ್ಟು ಹೋಗುವ ಜಾಣತನ ವಿದ್ಯಾರ್ಥಿಗಳಿಗೆ ಇದ್ದೇ ಇರುತ್ತದೆ. ಈ ವಿಷಯದ ಚರ್ಚೆಯಲ್ಲಿ ಮಿಷನರಿಗಳ ಪರವಾಗಿ ಬರೆದವರೂ ವಿರುದ್ಧ ಬರೆದವರೂ ಇದನ್ನು ಹೆಚ್ಚಾಗಿ ಮರೆತಿದ್ದಾರೆ.

ಅದನ್ನು ಮರೆಯದವನು ವಿಲಿಯಂ ಮಿಲ್ಲರ್. 1862ರಲ್ಲಿ ಮದರಾಸಿಗೆ ಬಂದು ಕ್ರಿಶ್ಚಿಯನ್ ಕಾಲೇಜನ್ನು ಕಟ್ಟಿದ ಮಿಲ್ಲರ್, ಕಾಲೇಜಿನ ಕೆಲಸ ಮತಾಂತರದ ಎಣಿಕೆಯಿಂದ ಅಳೆಯುವಂಥದ್ದಲ್ಲ, ಸಮಾಜದ ಚಿಂತನೆಯಲ್ಲಿ ನಿಧಾನವಾಗಿ ಹರಡುವ ನೀತಿ ಮತ್ತು ವಿವೇಕದಿಂದ ಅಳೆಯುವಂಥದ್ದು ಎಂದು ವಾದಿಸಿದ. ತಾಯ್ನಾಡಿನಲ್ಲಿ ಹಣ ಕೊಡುತ್ತಿದ್ದ ದಾನಿಗಳಿಗೆ ಈ ವಾದ ಅಷ್ಟೇನೂ ಹಿಡಿಸಲಿಲ್ಲ. ಖರ್ಚಿಗೆ ತಕ್ಕ ಆತ್ಮಗಳ ಲೆಕ್ಕ ಕೇಳುವವರು ಅಂದೂ ಇದ್ದರು. ಮುಂದೆ ಹಿಂದೂ ದರ್ಶನದ ದೊಡ್ಡ ವ್ಯಾಖ್ಯಾನಕಾರರಾದ ಸರ್ವಪಲ್ಲಿ ರಾಧಾಕೃಷ್ಣನ್ ಅದೇ ಕಾಲೇಜಿನಲ್ಲಿ ಓದಿದವರು. ಮಿಷನರಿ ಅಧ್ಯಾಪಕರ ಟೀಕೆಯೇ ತಮ್ಮನ್ನು ಹಿಂದೂ ಧರ್ಮದ ಆಳವಾದ ಅಧ್ಯಯನಕ್ಕೆ ಹಚ್ಚಿತೆಂದು ಅವರು ಬರೆದುಕೊಂಡಿದ್ದಾರೆ. ಡಫ್‌ನ ಅಳತೆಗೋಲಿನಲ್ಲಿ ಇದು ಸೋಲು. ಶಿಕ್ಷಣವೆಂದು ನೋಡಿದರೆ ಇದಕ್ಕಿಂತ ಒಳ್ಳೆಯ ಫಲ ಹುಡುಕುವುದು ಕಷ್ಟ.

ಕನ್ನಡ ನಾಡಿನ ಕಥೆ ಸ್ವಲ್ಪ ಬೇರೆ. ಇಲ್ಲಿಗೆ ಬಂದ ಮಿಷನರಿಗಳಲ್ಲಿ ಹೆಸರುಳಿದವರು ಇಂಗ್ಲಿಷ್ ಕಲಿಸಿದವರಿಗಿಂತ ಹೆಚ್ಚಾಗಿ ಕನ್ನಡ ಕಲಿತವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಶಾಲೆಗಳನ್ನು ತೆರೆದ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ. ಅವನ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ. ಬಳ್ಳಾರಿಯ ವಾರ್ಡ್‌ಲಾ ಶಾಲೆ ಆ ಮಿಷನ್ನಿನದೇ ಕೂಸು. ಸುತ್ತಲ ಜಿಲ್ಲೆಗಳ ಎಷ್ಟೋ ಮನೆತನಗಳಿಗೆ ಇಂಗ್ಲಿಷ್ ಬಂದದ್ದು ಆ ಬಾಗಿಲಿನಿಂದ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಮಿಷನ್ನು, 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದವರಿಗೂ ದಾರಿ ಬಿಟ್ಟ ಮೇಲೆ, 1834ರಲ್ಲಿ ಮಂಗಳೂರಿಗೆ ಮೂವರನ್ನು ಕಳಿಸಿತು: ಹೆಬಿಕ್, ಲೆಹ್ನರ್, ಗ್ರೈನರ್. ಎರಡು ವರ್ಷದ ನಂತರ ಹರ್ಮನ್ ಮೊಗ್ಲಿಂಗ್ ಬಂದ. ಇವರಿಗೆಲ್ಲ ಇಂಗ್ಲಿಷೇ ಪರಭಾಷೆ. ಜರ್ಮನ್ ಮಾತಾಡುವವನೊಬ್ಬ ಮಂಗಳೂರಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತ, ಅವರಿಂದ ಕನ್ನಡ ಹೇಳಿಸಿಕೊಳ್ಳುತ್ತಿದ್ದ ದೃಶ್ಯದಲ್ಲಿ ಗುರು ಯಾರು ಶಿಷ್ಯ ಯಾರು ಎಂಬುದು ಗಂಟೆಗೊಮ್ಮೆ ಅದಲುಬದಲಾಗುತ್ತಿತ್ತು.

ಆ ಇಂಗ್ಲಿಷ್ ಶಾಲೆಯೇ 1844ರಲ್ಲಿ ಊರಿನ ಗದ್ದಲಕ್ಕೆ ಕಾರಣವಾಯಿತು. ಅಲ್ಲಿ ಕಲಿತ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಮನೆತನ ಅವನನ್ನು ಕಳೆದುಕೊಂಡಿತು. ಇಂಗ್ಲಿಷ್ ಕಲಿಯಲಿ ಎಂದು ಮಗನನ್ನು ಕಳಿಸಿದ ತಂದೆತಾಯಿಯರ ಆಕ್ರೋಶವನ್ನು ಹಳೆಯ ಕಾಲದ ಸಂಕುಚಿತತೆ ಎಂದು ಪಕ್ಕಕ್ಕೆ ಸರಿಸುವುದು ನ್ಯಾಯವಲ್ಲ. ಅವರು ಒಪ್ಪಿದ್ದು ಒಂದಕ್ಕೆ, ನಡೆದದ್ದು ಇನ್ನೊಂದು. ಕೌಂಡಿನ್ಯನೂ ಮೋಸಹೋದ ಹುಡುಗನಲ್ಲ. ಮೊಗ್ಲಿಂಗನ ಜೊತೆ ಬಾಸೆಲ್‌ಗೆ ಹೋಗಿ ದೇವತಾಶಾಸ್ತ್ರ ಓದಿ ಪಾದ್ರಿಯಾಗಿ ಹಿಂದಿರುಗಿದ, ಜೀವನದುದ್ದಕ್ಕೂ ತನ್ನ ಆಯ್ಕೆಗೆ ಬದ್ಧನಾಗಿದ್ದ. ಕಲಿಸುವವನ ಉದ್ದೇಶವನ್ನು ಮಾತ್ರ ತೂಗುವ ತತ್ತ್ವ, ಕಲಿತವನಿಗೂ ಒಂದು ಬುದ್ಧಿ, ಒಂದು ಮನಸ್ಸು ಇದೆಯೆಂಬುದನ್ನು ತಪ್ಪಿಸಿಕೊಳ್ಳುತ್ತದೆ.

ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟ. ಸುವಾರ್ತೆ ಸಾರಲು ಬಂದವರೇ ಇವರೂ. ಆದರೆ ಸಾರುವುದನ್ನು ಬಚ್ಚಿಡಲಿಲ್ಲ, ಪಾದ್ರಿ ಎಂದೇ ಬಂದರು, ಪಾದ್ರಿ ಎಂದೇ ಜನ ಗುರುತಿಸಿದರು. ಬೋಧನೆಯನ್ನು ಒಪ್ಪದವರೂ ನಿಘಂಟನ್ನು ಒಪ್ಪಿದರು. ಕಿಟ್ಟೆಲ್‌ನ ವಿಗ್ರಹ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ನಿಂತಿರುವುದು ಅವನು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದನೆಂಬುದಕ್ಕಲ್ಲ.

ಪಾದ್ರಿಗಳ ಕೆಲಸ ಸಾಮಾನ್ಯ ಯುವಕರ ಕೈಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರ ನೌಕರ ಜಾರ್ಜ್ ವಿಲಿಯಮ್ಸ್ ಮತ್ತು ಗೆಳೆಯರು ಕಟ್ಟಿದ ವೈಎಂಸಿಎ, 1886ರಲ್ಲಿ ಅಮೆರಿಕದಲ್ಲಿ ಎದ್ದ ವಿದ್ಯಾರ್ಥಿ ಸ್ವಯಂಸೇವಕ ಚಳವಳಿ, ಇವೆರಡರಿಂದ ಕಾಲೇಜು ಹುಡುಗರು ಚೀನಾ, ಜಪಾನ್, ಭಾರತಗಳಿಗೆ ಹೊರಟರು. ಒಂದೇ ತಲೆಮಾರಿನಲ್ಲಿ ಲೋಕಕ್ಕೆಲ್ಲ ಸುವಾರ್ತೆ ಮುಟ್ಟಿಸಬೇಕೆಂಬುದು ಆ ಚಳವಳಿಯ ಘೋಷಣೆ. ಆ ಆವೇಶಕ್ಕೆ ಒಳಗಿನಿಂದಲೇ ಪ್ರಶ್ನೆ ಎದ್ದದ್ದು 1932ರಲ್ಲಿ. ಹಾರ್ವರ್ಡ್‌ನ ತತ್ತ್ವಶಾಸ್ತ್ರಜ್ಞ ವಿಲಿಯಂ ಹಾಕಿಂಗ್ ನೇತೃತ್ವದ ಸಮಿತಿ ಭಾರತ, ಬರ್ಮಾ, ಚೀನಾ, ಜಪಾನ್ ಸುತ್ತಿಬಂದು ‘ರೀಥಿಂಕಿಂಗ್ ಮಿಷನ್ಸ್’ ಎಂಬ ವರದಿ ಪ್ರಕಟಿಸಿತು. ಶಾಲೆ, ಆಸ್ಪತ್ರೆ, ಬೇಸಾಯದ ನೆರವು ತಮ್ಮಷ್ಟಕ್ಕೆ ತಾವೇ ಧರ್ಮಕಾರ್ಯ. ಅವನ್ನು ಬೋಧನೆಗೆ ಮೆಟ್ಟಿಲು ಮಾಡಿಕೊಳ್ಳುವುದನ್ನು ಬಿಡಬೇಕು ಎಂಬುದು ಅದರ ಸಾರ. ಮಿಷನ್ ಮಂಡಳಿಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಅದೇ ದಶಕದಲ್ಲಿ ಗಾಂಧೀಜಿ ಮಿಷನರಿಗಳೊಡನೆ ನಡೆಸಿದ ಸಂವಾದಗಳಲ್ಲಿ ಹೇಳುತ್ತಿದ್ದುದೂ ಹೆಚ್ಚು ಕಡಿಮೆ ಇದನ್ನೇ: ಸೇವೆಗೆ ಬಂದರೆ ಸ್ವಾಗತ, ಸೇವೆಯ ಬೆನ್ನಿಗೆ ಮತಾಂತರ ಕಟ್ಟಿಕೊಂಡು ಬರುವುದು ಬೇಡ. ಹಾಕಿಂಗ್ ಸಮಿತಿಯೂ ಗಾಂಧೀಜಿಯ ಸೇವಾಗ್ರಾಮದ ಹಾದಿಯೂ ಒಂದೆಡೆ ಕೂಡಿದ್ದು ಕುತೂಹಲದ ಸಂಗತಿ. ಇಬ್ಬರ ವಾದದಲ್ಲೂ ಒಂದು ಕೊರತೆ ಇತ್ತು. ನಂಬಿಕೆಯನ್ನು ಬಾಯಿ ಬಿಟ್ಟು ಹೇಳುವುದೇ ತಪ್ಪೆಂಬ ಧ್ವನಿ ಅದರಲ್ಲಿ ನುಸುಳುತ್ತದೆ. ಹೇಳುವುದು ತಪ್ಪಲ್ಲ. ಹೇಳುವ ಜಾಗ, ಕೇಳುವವರ ಸ್ಥಿತಿ ಇವನ್ನು ನೋಡದಿರುವುದು ತಪ್ಪು.

ಎರಡನೆಯ ಮಹಾಯುದ್ಧದ ನಂತರ ಇಂಗ್ಲಿಷ್ ಜಗತ್ತಿನ ನೌಕರಿಯ ಭಾಷೆಯಾಯಿತು, ಸ್ವಯಂಸೇವೆಗೆ ಹೊಸ ಸಂಸ್ಥೆಗಳು ಹುಟ್ಟಿದವು. ಬ್ರಿಟನ್ನಿನ ವಿಎಸ್‌ಒ 1958ರದ್ದು, ಅಮೆರಿಕದ ಪೀಸ್ ಕೋರ್ 1961ರದ್ದು. ಇವೆರಡೂ ಮತದ ನಂಟಿಲ್ಲದವು. 1960ರಲ್ಲಿ ಶುರುವಾದ ‘ಯೂತ್ ವಿತ್ ಎ ಮಿಷನ್’ ಮಾತ್ರ ಹೆಸರಿನಲ್ಲೇ ಉದ್ದೇಶ ಹೇಳಿಕೊಂಡಿತು. ಚೀನಾ 1980ರ ದಶಕದಲ್ಲಿ ಬಾಗಿಲು ತೆರೆದಾಗ ಅಲ್ಲಿ ಧರ್ಮಪ್ರಚಾರಕ್ಕೆ ಅವಕಾಶವಿರಲಿಲ್ಲ, ಇಂಗ್ಲಿಷ್ ಮೇಷ್ಟರಿಗೆ ಬೇಡಿಕೆ ಬಹಳ. ಮೇಷ್ಟರೆಂದು ಹೋಗಿ ಪ್ರಚಾರಕರಾಗಿ ಕೆಲಸ ಮಾಡುವ ಒಂದು ಪದ್ಧತಿ ಆಗ ಬೆಳೆಯಿತು. ಭಾಷಾಶಾಸ್ತ್ರಜ್ಞ ಅಲಸ್ಟೇರ್ ಪೆನಿಕುಕ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ವಸಾಹತುಗಾಲದಲ್ಲಿ ಇಂಗ್ಲಿಷ್, ವ್ಯಾಪಾರ, ಕ್ರೈಸ್ತ ಬೋಧನೆ ಕೈಹಿಡಿದು ಬಂದಂತೆಯೇ ಈಗಲೂ ಬರುತ್ತಿವೆ ಎಂಬುದು ಅವರ ಆಕ್ಷೇಪ. ಜಾಫ್ನಾದ ತಮಿಳು ಹಿನ್ನೆಲೆಯ ವಿದ್ವಾಂಸ, ತಾವೇ ಕ್ರೈಸ್ತರಾದ ಸುರೇಶ್ ಕನಗರಾಜ ಮತ್ತು ಮೇರಿ ವಾಂಗ್ 2009ರಲ್ಲಿ ಎರಡೂ ಕಡೆಯವರನ್ನು ಒಂದು ಪುಸ್ತಕದಲ್ಲಿ ಕೂಡಿಸಿ ಮಾತಾಡಿಸಿದರು. ಆ ಚರ್ಚೆಯಲ್ಲಿ ನಿಂತ ಮುಖ್ಯವಾದ ಮಾತು ಸತ್ಯವಂತಿಕೆಯದ್ದು. ನಂಬಿಕೆಯಿಲ್ಲದ ಮೇಷ್ಟರಿಗೂ ರಾಜಕೀಯ ಅಭಿಪ್ರಾಯಗಳಿರುತ್ತವೆ, ಅವೂ ತರಗತಿಯೊಳಗೆ ನುಸುಳುತ್ತವೆ. ಖಾಲಿ ಮನಸ್ಸಿನ ಮೇಷ್ಟರು ಎಲ್ಲೂ ಇಲ್ಲ. ಆದರೆ ತಾನು ಯಾರು, ಏಕೆ ಬಂದೆ ಎಂಬುದನ್ನು ಮುಚ್ಚಿಟ್ಟವನು, ಸುಳ್ಳಾಡಬಾರದೆಂಬ ತನ್ನದೇ ಧರ್ಮದ ಆಜ್ಞೆಯನ್ನು ಮುರಿದು ಆ ಧರ್ಮವನ್ನು ಕಲಿಸಹೊರಟಂತೆ ಆಗುತ್ತದೆ.

ಭಾರತಕ್ಕೆ ಬರುವವರ ದಾರಿ ಈಗ ಕಿರಿದು. ಮಿಷನರಿಗಳಿಗೆಂದೇ ಬೇರೆ ವೀಸಾ ಇದೆ, ಪ್ರವಾಸಿ ವೀಸಾದಲ್ಲಿ ಬಂದು ಧರ್ಮ ಬೋಧಿಸುವಂತಿಲ್ಲ. ಉದ್ಯೋಗ ವೀಸಾಕ್ಕೆ ಕನಿಷ್ಠ ಸಂಬಳದ ಮಿತಿ ಇಟ್ಟ ಸರ್ಕಾರ, ಭಾಷಾ ಶಿಕ್ಷಕರಿಗೆ ಅದರಿಂದ ವಿನಾಯಿತಿ ಕೊಟ್ಟು, ಇಂಗ್ಲಿಷ್ ಶಿಕ್ಷಕರನ್ನು ಮಾತ್ರ ಆ ವಿನಾಯಿತಿಯಿಂದ ಹೊರಗಿಟ್ಟಿತು. ಜಪಾನಿಯನ್ನೋ ಫ್ರೆಂಚನ್ನೋ ಕಲಿಸಲು ಹೊರಗಿನವರು ಬೇಕು, ಇಂಗ್ಲಿಷಿಗೆ ಬೇಡ ಎಂಬುದು ಅದರ ಅರ್ಥ. ದಿಲ್ಲಿಯಲ್ಲಿ ಕೂತು ನೋಡಿದರೆ ಈ ಮಾತು ಸರಿ. ರಾಯಚೂರಿನ ಕಡೆಯಿಂದ ನೋಡಿದರೆ ಅಷ್ಟು ಸರಳವಲ್ಲ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ರಾಯಚೂರು ಜಿಲ್ಲೆಯದ್ದು ಶೇ. 59.56, ಅದಕ್ಕಿಂತ ಕೆಳಗಿದ್ದದ್ದು ಪಕ್ಕದ ಯಾದಗಿರಿ ಒಂದೇ. ಇದಕ್ಕೆ ಕಾರಣ ಹಳೆಯದು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. ಮುಂದೆ ಉರ್ದು ಆಡಳಿತದ ಭಾಷೆಯಾಯಿತು, 1918ರ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಅದೇ. ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ಹುಡುಗ ಕಚೇರಿಯ ಮೆಟ್ಟಿಲು ಹತ್ತಲು ಉರ್ದು ಕಲಿಯಬೇಕಿತ್ತು. ಇಂದು ಆ ಜಾಗದಲ್ಲಿ ಇಂಗ್ಲಿಷ್ ಕೂತಿದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ 2007–08ರಲ್ಲಿ ಬಂತು, 2019–20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಬಾಗಿಲು ತೆರೆದ ಮಾತ್ರಕ್ಕೆ ಭಾಷೆ ಬರುವುದಿಲ್ಲವೆಂಬುದು ಆ ಭಾಗದ ಮಾಸ್ತರರಿಗೆಲ್ಲ ಗೊತ್ತು.

ಅಲ್ಲಿನ ಒಂದು ಐದನೇ ತರಗತಿಯನ್ನು ಹತ್ತಿರದಿಂದ ನೋಡಬೇಕು. ಒಬ್ಬ ಹುಡುಗ ಎದ್ದು ನಿಂತು ‘ಎ ಡಬಲ್ ಪಿ ಎಲ್ ಇ, ಆ್ಯಪಲ್, ಆ್ಯಪಲ್ ಅಂದ್ರ ಸೇಬು ಹಣ್ಣು’ ಎಂದು ರಾಗವಾಗಿ ಹೇಳುತ್ತಾನೆ, ಉಳಿದವರು ಒಕ್ಕೊರಲಿನಿಂದ ಅನ್ನುತ್ತಾರೆ. ಅದೇ ಪದ ಬೇರೆ ಪುಟದಲ್ಲಿ ಬಂದರೆ ಓದಲು ತಡವರಿಸುತ್ತಾನೆ. ಅವನು ಮಂದಬುದ್ಧಿಯವನಲ್ಲ. ಅವ್ವನ ಜೊತೆ ಕನ್ನಡ, ಓಣಿಯ ಗೆಳೆಯನ ಜೊತೆ ಉರ್ದು, ತೆಲಂಗಾಣದ ಕಡೆಯ ಸೋದರಮಾವನ ಜೊತೆ ತೆಲುಗು ಮಾತಾಡುವ ಹುಡುಗ ಅವನು. ಒಂದೇ ಭಾಷೆ ಬಲ್ಲ ಅಮೆರಿಕದ ಸ್ವಯಂಸೇವಕಿ ಅವನ ಮುಂದೆ ನಿಂತಾಗ, ಭಾಷೆಯ ವಿಷಯದಲ್ಲಿ ಹೆಚ್ಚು ಅನುಭವಸ್ಥ ಯಾರೆಂಬುದು ಯೋಚಿಸಬೇಕಾದ ಮಾತು. ಹತ್ತಿ ಬಿಡಿಸುವ ಕಾಲ ಬಂತೆಂದರೆ ಬೆಳಿಗ್ಗೆ ಕ್ರೂಸರ್, ಟಂಟಂಗಳು ಓಣಿಗೆ ಬಂದು ನಿಲ್ಲುತ್ತವೆ, ತರಗತಿಯ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಮನೆಯವರು ಬೆಂಗಳೂರಿಗೆ ಗುಳೆ ಹೋದರೆ ಮಗುವೂ ಹೋಗುತ್ತದೆ. ಆರು ವಾರಕ್ಕೆಂದು ಬಂದ ಪರದೇಶದ ಪಾಠ ಆ ಆರು ವಾರದಲ್ಲಿ ಯಾರು ಊರಲ್ಲಿದ್ದರೋ ಅವರಿಗಷ್ಟೇ.

ಇಂಥ ತರಗತಿಯಲ್ಲಿ ಹೊಸಬರು ಮೊದಲು ಮಾಡುವುದು ಕೈ ಆಡಿಸುತ್ತ ಹಾಡು ಹೇಳಿಕೊಡುವುದು. ಭಾಷೆ ಕಲಿಸಲು ಅದು ಒಳ್ಳೆಯ ವಿಧಾನವೇ. ಎರಡು ದಿನದಲ್ಲಿ ಮಕ್ಕಳು ಬಾಯಿಪಾಠ ಮಾಡಿ ಮನೆಯಲ್ಲಿ ಹಾಡಿ ತೋರಿಸುತ್ತಾರೆ. ಹಾಡು ಮಳೆಯ ಬಗ್ಗೆ ಇದ್ದರೂ ಯೇಸುವಿನ ಬಗ್ಗೆ ಇದ್ದರೂ ಮಗುವಿಗೆ ಅದೇ ಖುಷಿ. ಇಲ್ಲಿ ಒಪ್ಪಿಗೆಯ ಪ್ರಶ್ನೆ ಗಂಭೀರವಾಗುತ್ತದೆ. ದೊಡ್ಡವರಾದರೆ ಇಷ್ಟವಿಲ್ಲದ್ದನ್ನು ಬಿಡುತ್ತಾರೆ, ಕಲ್ಕತ್ತೆಯ ಹುಡುಗರು ಬಿಟ್ಟಂತೆ. ಎಂಟು ವರ್ಷದ ಮಗು ಅಕ್ಕೋರು ಹೇಳಿಕೊಟ್ಟದ್ದರಲ್ಲಿ ಯಾವುದು ಪಾಠ, ಯಾವುದು ಪ್ರಾರ್ಥನೆ ಎಂದು ಬೇರ್ಪಡಿಸಲಾರದು. ಸಂವಿಧಾನದ 28(3)ನೇ ವಿಧಿ ಈ ಕಾರಣಕ್ಕೇ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಪೋಷಕರ ಸಮ್ಮತಿಯಿಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ ಎನ್ನುತ್ತದೆ. ಇದು ಕ್ರೈಸ್ತರ ಶಾಲೆಗಷ್ಟೇ ಅನ್ವಯಿಸುವ ಮಾತಲ್ಲ.

ರಾಯಚೂರಿಗೆ ಕ್ರೈಸ್ತ ಧರ್ಮ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಇದೇ ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕ್ಯಾಥೊಲಿಕ್ ಸಮುದಾಯವಿದೆ. ರಾಯಚೂರು ನಗರದಲ್ಲಿ ಮೆಥಡಿಸ್ಟ್ ಸಭೆ ಇದೆ, ಮಾನ್ವಿಯಲ್ಲಿ ಜೆಸ್ವಿಟ್ ಪಾದ್ರಿಗಳು ಲೊಯೋಲ ಹೆಸರಿನ ಶಾಲೆ ನಡೆಸುತ್ತಾರೆ. ಈ ಭಾಗದಲ್ಲಿ ಕ್ರೈಸ್ತ ಶಾಲೆಗಳ ಬೆಂಚುಗಳಲ್ಲಿ ಹೆಚ್ಚಾಗಿ ಕೂರುವವರು ದಲಿತ ಕೂಲಿಕಾರರ ಮಕ್ಕಳು. ಅವರ ಮಟ್ಟಿಗೆ ಮತಾಂತರ ಮನಸ್ಸಿನ ಸಂಗತಿಯಷ್ಟೇ ಆಗಿ ಉಳಿಯುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕ್ರೈಸ್ತನಾದವನು ಆ ಸ್ಥಾನದಿಂದ ಸಿಗುವ ಹಾಸ್ಟೆಲ್, ವಿದ್ಯಾರ್ಥಿವೇತನ, ಮೀಸಲಾತಿಯ ಪ್ರಮಾಣಪತ್ರ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ವಿಮಾನದಲ್ಲಿ ಬಂದು ಹೋಗುವ ಯುವಕನಿಗೆ ಇದರ ಸುಳಿವೂ ಇರುವುದಿಲ್ಲ. ತಾನು ಕೊಟ್ಟದ್ದನ್ನು ಪಡೆದವನು ಏನು ತೆರಬೇಕಾದೀತೆಂದು ತಿಳಿಯದೆ ಕೊಡುವುದನ್ನು ಒಳ್ಳೆಯ ಉದ್ದೇಶ ಒಂದೇ ಸಮರ್ಥಿಸಲಾರದು.

ಕಾನೂನು ಇನ್ನೊಂದು ತುದಿಯಲ್ಲಿ ಎಡವಿದೆ. ಸ್ಟೇನಿಸ್ಲಾಸ್ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟ್, ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದಿತು. ಕರ್ನಾಟಕ 2022ರಲ್ಲಿ ಮಾಡಿದ ಮತಾಂತರ ತಡೆ ಕಾಯ್ದೆ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನ ಉಚಿತ ಶಿಕ್ಷಣವನ್ನೂ ಆಮಿಷಗಳ ಪಟ್ಟಿಗೆ ಸೇರಿಸಿತು; 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆದುಕೊಳ್ಳಲು ಸಚಿವ ಸಂಪುಟ ತೀರ್ಮಾನಿಸಿತು. ಉಚಿತ ಶಿಕ್ಷಣವೇ ಆಮಿಷವಾದರೆ ಈ ನಾಡಿನ ಮಠಗಳು ಒಂದು ಶತಮಾನದಿಂದ ನಡೆಸಿಕೊಂಡು ಬಂದ ಉಚಿತ ಪ್ರಸಾದನಿಲಯಗಳನ್ನು ಏನೆಂದು ಕರೆಯಬೇಕು? ಕೊಟ್ಟದ್ದು ಉಚಿತವೋ ಅಲ್ಲವೋ ಎಂಬುದು ಪ್ರಶ್ನೆಯಲ್ಲ. ಬೋಧನೆಯನ್ನು ಬೇಡವೆಂದವನಿಗೂ ಪಾಠ ಅಷ್ಟೇ ಪ್ರೀತಿಯಿಂದ ಸಿಗುತ್ತದೆಯೇ ಎಂಬುದು ಪ್ರಶ್ನೆ. ಬೈಬಲ್ ಓದಿಗೆ ಬರದ ಹುಡುಗನ ಹೆಸರು ಮುಂದಿನ ವಾರದ ಇಂಗ್ಲಿಷ್ ಪಾಠದ ಪಟ್ಟಿಯಲ್ಲಿ ಇದ್ದರೆ ಅದು ಸೇವೆ. ಇಲ್ಲದಿದ್ದರೆ, ಉದ್ದೇಶ ಎಷ್ಟೇ ಪವಿತ್ರವಿರಲಿ, ಅದು ವ್ಯಾಪಾರ.

ಧರ್ಮವನ್ನು ಹರಡುವ ಪರಿಯ ಬಗ್ಗೆ ಈ ಸೀಮೆಗೆ ತನ್ನದೇ ಅನುಭವವಿದೆ. ಹದಿನೆಂಟನೆಯ ಶತಮಾನದ ಹರಿದಾಸರಲ್ಲಿ ಮೂವರು ದೊಡ್ಡವರು ಇಲ್ಲಿಯವರೇ: ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ‘ಹರಿಕಥಾಮೃತಸಾರ’ ಬರೆದ ಮಾನ್ವಿಯ ಜಗನ್ನಾಥದಾಸರು. ಸಂಸ್ಕೃತದಲ್ಲಿದ್ದ ಮಧ್ವಸಿದ್ಧಾಂತವನ್ನು ಮನೆಮನೆಯ ಕನ್ನಡಕ್ಕೆ ಇಳಿಸಿ, ತಂಬೂರಿ ಹಿಡಿದು ಹಾಡಿಕೊಂಡು ಹೋದರು. ಇದೂ ಧರ್ಮಪ್ರಚಾರವೇ. ವ್ಯತ್ಯಾಸವೆಂದರೆ ಅವರು ಕೊಟ್ಟದ್ದು ಧರ್ಮವನ್ನೇ, ಬೇರೊಂದು ವಸ್ತುವಿನೊಳಗೆ ಸುತ್ತಿ ಅಲ್ಲ, ಕೇಳುವವರ ಭಾಷೆಯಲ್ಲಿ, ಭಿಕ್ಷೆ ಬೇಡುವವರಾಗಿ, ಕೊಡುವವರಾಗಿ ಅಲ್ಲ. ಬೇಡವಾದವನು ಕದ ಹಾಕಿಕೊಂಡರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಅವರ ಶ್ರೋತೃಗಳ ವಲಯಕ್ಕೆ ಜಾತಿಯ ಎಲ್ಲೆ ಇತ್ತೆಂಬುದನ್ನೂ ಹೇಳಬೇಕು. ಮಾನ್ವಿಯ ದಲಿತ ಕೇರಿಗೆ ಅಕ್ಷರ ತಲುಪಿದ್ದು ಆ ತಂಬೂರಿಯಿಂದಲ್ಲ.

ಕಲಿಸುವುದನ್ನೇ ಧರ್ಮವೆಂದು ಭಾವಿಸಿ, ಕಲಿತವರನ್ನು ಯಾವ ಮತಕ್ಕೂ ಕರೆಯದ ಉದಾಹರಣೆಯೂ ರಾಯಚೂರಿನಲ್ಲೇ ಇದೆ. ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು (1891–1942) 1920ರ ಸುಮಾರಿಗೆ ಇಲ್ಲಿ ಹಮ್ದರ್ದ್ ಶಾಲೆ ಕಟ್ಟಿದರು. ನಿಜಾಮನ ಆಳ್ವಿಕೆಯಲ್ಲಿ ಹಿಂದೂ ಮುಸ್ಲಿಂ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸಿದ ಶಾಲೆ ಅದು. ಮುಂದೆ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಎಂಬ ಆಶ್ರಮ ಮಾಡಿಕೊಂಡ ತಾರಾನಾಥರು ವೈದ್ಯ, ಸಂಗೀತಗಾರ, ಅಧ್ಯಾತ್ಮಸಾಧಕ. ಅವರೂ ಈ ಊರಿಗೆ ಹೊರಗಿನವರು. ಕರಾವಳಿಯಿಂದ ಬಂದು ಇಲ್ಲಿನ ಭಾಷೆ, ಇಲ್ಲಿನ ಬಿಸಿಲು, ಇಲ್ಲಿನ ರಾಜಕೀಯ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ನೆಲೆಸಿದ್ದರಿಂದ ಹೊರಗಿನವರಾಗಿ ಉಳಿಯಲಿಲ್ಲ.

ಆರು ವಾರದ ಸ್ವಯಂಸೇವಕನಿಂದ ಇಷ್ಟನ್ನು ಕೇಳುವುದು ಹೆಚ್ಚಾಯಿ­ತು. ಕೇಳಬಹುದಾದದ್ದು ಕೆಲವಿದೆ. ಕಳಿಸುವ ಸಂಘ ಯಾವುದು, ಅದು ಏನನ್ನು ನಂಬುತ್ತದೆ ಎಂಬುದು ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಅವರ ಭಾಷೆಯಲ್ಲಿ ಮೊದಲೇ ತಿಳಿದಿರಬೇಕು. ಪಾಠ ಶಾಲೆಯಲ್ಲಿ, ಪ್ರಾರ್ಥನೆ ಸಭೆಯಲ್ಲಿ, ಎರಡಕ್ಕೂ ಬೇರೆ ಹೊತ್ತು, ಬೇರೆ ಜಾಗ ಇರಬೇಕು. ಮಕ್ಕಳ ಮುಂದೆ ನಿಲ್ಲುವುದಕ್ಕಿಂತ ಊರಿನ ಇಂಗ್ಲಿಷ್ ಮಾಸ್ತರರ ಪಕ್ಕದಲ್ಲಿ ಕೂತು ಮಾತಿನ ಅಭ್ಯಾಸ ಮಾಡಿಸಿದರೆ, ಬಂದವರು ಹೋದ ಮೇಲೂ ಅದು ತರಗತಿಯಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೇ ತರಬೇತಿ ಕೊಡುವ ದಾರಿ ಹಿಡಿದದ್ದು ಇದೇ ತರ್ಕದಿಂದ. ಹೊರಡುವ ಮುನ್ನ ನಾಲ್ಕು ತಿಂಗಳು ಕನ್ನಡ ಕಲಿಯುವುದು ಕೂಡ ಆಗದ ಕೆಲಸವಲ್ಲ.

ಕೊಡುವವರು ಯಾವಾಗಲೂ ಆ ಕಡೆಯವರು, ಪಡೆಯುವವರು ಈ ಕಡೆಯವರು ಎಂಬ ಹಳೆಯ ಏರ್ಪಾಟನ್ನು ಕೆಲವು ಸಭೆಗಳೇ ಈಗ ಬದಲಿಸುತ್ತಿವೆ. ಬಾಸೆಲ್ ಮಿಷನ್ನಿನ ಪರಂಪರೆಗೆ ಸೇರಿದ, ಸ್ಟುಟ್‌ಗಾರ್ಟ್‌ನಲ್ಲಿ ಕಚೇರಿ ಇರುವ ಇಎಂಎಸ್ ಒಕ್ಕೂಟದಲ್ಲಿ ದಕ್ಷಿಣ ಭಾರತ ಸಭೆಯೂ ಸದಸ್ಯ. ಆ ಒಕ್ಕೂಟದ ಕಾರ್ಯಕ್ರಮದಲ್ಲಿ ಜರ್ಮನಿಯ ಯುವಜನರು ಏಷ್ಯಾ ಆಫ್ರಿಕಾಗಳಿಗೆ ಹೋಗುವಂತೆ, ಇಲ್ಲಿಯ ಯುವಜನರೂ ಜರ್ಮನಿಗೆ ಹೋಗಿ ಶಿಶುವಿಹಾರ, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುತ್ತಾರೆ. ಹೋದವರು ಮೊದಲು ಜರ್ಮನ್ ಕಲಿಯುತ್ತಾರೆ, ಕಲಿಸುವವರು ಅಲ್ಲಿಯ ಮುದುಕರೂ ಮಕ್ಕಳೂ.